ಹಳೆಯ ಟ್ವಿನ್ ಲೆನ್ಸ್ ಕ್ಯಾಮೆರಾ: ₹20,000ದೊಳಗೆ ಯಾವುದನ್ನು ಕೊಳ್ಳಬೇಕು, ಹೇಗೆ ಪರೀಕ್ಷಿಸಬೇಕು?

ಡೊಂಬಿವಲಿ ಕನ್ನಡಿಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಿರುವ ನನಗೆ ಈಗ ಫಿಲ್ಮಿನಲ್ಲಿ, ಅದರಲ್ಲೂ 120 ಎಂಬ ಅಗಲ ಫಿಲ್ಮ್ ರೋಲಿನ ಚೌಕಾಕಾರದ ನೆಗೆಟಿವಿನಲ್ಲಿ ಕೆಲಸ ಮಾಡಬೇಕೆಂಬ ಆಸೆ ಬಲವಾಗಿದೆ. ನೋಡಲು ಮೇಲೊಂದು, ಚಿತ್ರ ಮೂಡಿಸಲು ಕೆಳಗೊಂದು ಲೆನ್ಸ್ ಇರುವ, ಎದೆಯ ಮಟ್ಟದಲ್ಲಿ ಹಿಡಿದು ತಲೆ ಬಗ್ಗಿಸಿ ನೋಡುವ ಟ್ವಿನ್ ಲೆನ್ಸ್ ರಿಫ್ಲೆಕ್ಸ್ ಕ್ಯಾಮೆರಾಗಳ ವಿಚಾರವನ್ನು ಓದಿದಷ್ಟೂ ನನ್ನ ಗೊಂದಲ ಹೆಚ್ಚಿದೆ. ಒಬ್ಬರು ಜರ್ಮನಿಯದನ್ನು ಬಿಟ್ಟು ಬೇರೆ ಏನನ್ನೂ ಮುಟ್ಟಬೇಡಿ ಎನ್ನುತ್ತಾರೆ, ಇನ್ನೊಬ್ಬರು ಜಪಾನಿನದೇ ಸಾಕು ಎನ್ನುತ್ತಾರೆ.

ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಇಂತಹ ಮೂರು ಕ್ಯಾಮೆರಾಗಳನ್ನು ನೋಡಿ ಬಂದಿದ್ದೇನೆ. ಮೊದಲನೆಯದು ಯಾಶಿಕಾ ಮ್ಯಾಟ್ 124ಜಿ. ಅದರ ಹೊರಮೈ ಚೆನ್ನಾಗಿದೆ, ಆದರೆ ಬೆಳಕಿನ ಮೀಟರಿನ ಮುಳ್ಳು ಅಲುಗಾಡುವುದಿಲ್ಲ. ಎರಡನೆಯದು ರೋಲಿಕಾರ್ಡ್. ಅದರ ಮಾದರಿಯನ್ನು ಗುರುತಿಸಲು ನನಗೆ ಆಗಲಿಲ್ಲ, ಕೆಳಗಿನ ಲೆನ್ಸಿನೊಳಗೆ ಹಾಲು ಚೆಲ್ಲಿದಂತಹ ಮಸುಕು ಇದೆ. ಮೂರನೆಯದು ರಷ್ಯಾದ ಲುಬಿಟೆಲ್ 2. ಅದು ಹಗುರವಾಗಿದ್ದು ಸ್ವಚ್ಛವಾಗಿದೆ, ಬೆಲೆಯೂ ಉಳಿದೆರಡಕ್ಕಿಂತ ಬಹಳ ಕಡಿಮೆ. ರಿಪೇರಿಯ ಖರ್ಚನ್ನೂ ಸೇರಿಸಿ ನಾನು ₹20,000 ಮೀರುವಂತಿಲ್ಲ. ಈ ಮೂರರಲ್ಲಿ ಯಾವುದು ಸೂಕ್ತ? ಅಂಗಡಿಯ ಮುಂದೆ ನಿಂತು, ಫಿಲ್ಮ್ ಹಾಕದೆಯೇ, ಕ್ಯಾಮೆರಾ ಸರಿಯಿದೆಯೋ ಇಲ್ಲವೋ ಎಂದು ತಿಳಿಯುವ ಬಗೆ ಯಾವುದು? ಮುಂದೆ ಒಂದೆರಡನ್ನು ಸಂಗ್ರಹಿಸಬೇಕೆಂಬ ಮನಸ್ಸೂ ಇದೆ. ನಮ್ಮ ಕಡೆಯ ಮಳೆಗಾಲದ ತೇವದಲ್ಲಿ ಅದು ಸಾಧ್ಯವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಪುಣೆಯ ಹವ್ಯಾಸಿ:

ನಮಸ್ಕಾರ. ನೀವು ಬರೆದ ವಿವರದಲ್ಲಿಯೇ ಅರ್ಧ ಉತ್ತರ ಅಡಗಿದೆ. ಮೀಟರ್ ಕೆಟ್ಟಿರುವುದು ಸಣ್ಣ ಕೊರತೆ, ಚಿತ್ರ ಮೂಡಿಸುವ ಲೆನ್ಸ್ ಮಸುಕಾಗಿರುವುದು ದೊಡ್ಡ ಕೊರತೆ. ಆದರೆ ಹಳೆಯ ಕ್ಯಾಮೆರಾಗಳ ಬೆಲೆ ನಿರ್ಧಾರವಾಗುವುದು ಬಹುಪಾಲು ಮುಂಭಾಗದ ಫಲಕದ ಮೇಲಿರುವ ಹೆಸರಿನಿಂದ. ಕಡಿಮೆ ಹಣದಲ್ಲಿ ಒಳ್ಳೆಯ ಕ್ಯಾಮೆರಾ ಬೇಕೆಂದಿದ್ದರೆ ಹೆಸರನ್ನು ಪಕ್ಕಕ್ಕಿಟ್ಟು ಗಾಜು, ಷಟರ್ (ಫಿಲ್ಮಿಗೆ ಬೆಳಕನ್ನು ಕ್ಷಣಕಾಲ ಬಿಡುವ ಬಾಗಿಲು), ಫಿಲ್ಮ್ ಸುತ್ತುವ ಯಂತ್ರ ಈ ಮೂರನ್ನು ಮಾತ್ರ ನೋಡಬೇಕು.

ಮೊದಲು ಮೀಟರಿನ ಮಾತನ್ನು ಮುಗಿಸುತ್ತೇನೆ. 124ಜಿಯ ಮೀಟರನ್ನು ರೂಪಿಸಿದ್ದು ಪಾದರಸದ ಸೆಲ್ ಬಳಕೆಯಲ್ಲಿದ್ದ ಕಾಲದಲ್ಲಿ. ಆ ಸೆಲ್ ಸುಮಾರು 1.35 ವೋಲ್ಟ್ ಕೊಡುತ್ತಿತ್ತು, ಈಗ ಅದರ ತಯಾರಿಕೆ ನಿಂತಿದೆ. ಅದೇ ಗಾತ್ರದ 1.5 ವೋಲ್ಟಿನ ಆಲ್ಕಲೈನ್ ಸೆಲ್ ಹಾಕಿದರೆ ಮುಳ್ಳು ಏಳುತ್ತದೆಯಾದರೂ ಅದು ತೋರಿಸುವ ಅಳತೆ ತಪ್ಪಾಗಿರುತ್ತದೆ. ಕಿವಿಯ ಶ್ರವಣಸಾಧನಕ್ಕೆ ಹಾಕುವ 675 ಸಂಖ್ಯೆಯ ಜಿಂಕ್-ಏರ್ ಸೆಲ್ 1.4 ವೋಲ್ಟ್ ಕೊಡುವುದರಿಂದ ಅದನ್ನು ಸಣ್ಣ ಬಳೆಯೊಂದರೊಳಗೆ ಕೂರಿಸಿ ಬಳಸುವವರಿದ್ದಾರೆ. ಈ ಮಾದರಿಯಲ್ಲಿ ಮೇಲಿನ ಹುಡ್, ಅಂದರೆ ನೋಡುವ ಗಾಜಿನ ಮೇಲಿನ ಮಡಚು ಮುಚ್ಚಳ, ತೆರೆದಾಗ ಮಾತ್ರ ಮೀಟರ್ ಚಾಲೂ ಆಗುತ್ತದೆ. ಆದ್ದರಿಂದ ಹುಡ್ ಮುಚ್ಚಿಟ್ಟೇ ಮೀಟರ್ ಸತ್ತಿದೆ ಎಂದು ತೀರ್ಮಾನಿಸಬೇಡಿ. ನಿಜವಾಗಿಯೂ ಸತ್ತಿದ್ದರೂ ನಷ್ಟವಿಲ್ಲ. ಬಿರುಬಿಸಿಲಿನಲ್ಲಿ ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಹಾಯುವ ರಂಧ್ರ, ಸಂಖ್ಯೆ ಹೆಚ್ಚಿದಷ್ಟೂ ಕಿರಿದು) 16ಕ್ಕೆ ಇಟ್ಟು, ಷಟರನ್ನು ಫಿಲ್ಮಿನ ಬೆಳಕು ಗ್ರಹಿಸುವ ಶಕ್ತಿಯನ್ನು ಹೇಳುವ ಐಎಸ್‌ಒ ಸಂಖ್ಯೆಗೆ ಹತ್ತಿರದ ವೇಗಕ್ಕೆ, ಅಂದರೆ 100ರ ಫಿಲ್ಮಿಗೆ 1/125ಕ್ಕೆ, ತಿರುಗಿಸುವ ಹಳೆಯ ಲೆಕ್ಕ ಇಂದಿಗೂ ಸುಳ್ಳಾಗಿಲ್ಲ. ಮೋಡ ಕವಿದಾಗ ಅಪರ್ಚರನ್ನು ಎರಡು ಮೂರು ಸ್ಟಾಪ್, ಅಂದರೆ ಹಂತ, ತೆರೆದರಾಯಿತು. ಅನುಮಾನವಿದ್ದಾಗ ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಮೀಟರ್ ಆ್ಯಪ್ ಸಾಕು. ಹೀಗಾಗಿ ಮೀಟರ್ ಕೆಟ್ಟ 124ಜಿ ಬೆಲೆ ಇಳಿಸಿಕೊಳ್ಳಲು ನಿಮಗೆ ಸಿಕ್ಕ ಒಳ್ಳೆಯ ಅವಕಾಶವೆಂದೇ ನಾನು ಭಾವಿಸುತ್ತೇನೆ.

ಈ ವಂಶದ ಮೂಲ ರೋಲಿಫ್ಲೆಕ್ಸ್. ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಫ್ರಾಂಕೆ ಮತ್ತು ಹೈಡೆಕೆ ಕಂಪನಿ ಅದನ್ನು 1929ರಲ್ಲಿ ಹೊರತಂದಿತು, 1933ರಲ್ಲಿ ಅದಕ್ಕಿಂತ ಸರಳವಾದ, ಅಗ್ಗದ ರೋಲಿಕಾರ್ಡನ್ನು ಹೊರತಂದಿತು. ಎರಡನೆಯ ಮಹಾಯುದ್ಧದ ನಂತರ ಜಪಾನಿನ ಹಲವು ಕಂಪನಿಗಳು ಇದೇ ಮಾದರಿಯನ್ನು ಹಿಡಿದು ಕ್ಯಾಮೆರಾ ಮಾಡತೊಡಗಿದವು, ಯಾಶಿಕಾ ಅವುಗಳಲ್ಲಿ ಕೊನೆಯವರೆಗೂ ಉಳಿದ ಒಂದು. ಯಾಶಿಕಾ ಮ್ಯಾಟ್ ಬಂದದ್ದು 1957ರಲ್ಲಿ. 120 ಮತ್ತು 220 ಎರಡೂ ಬಗೆಯ ರೋಲುಗಳನ್ನು ಒಪ್ಪುವ 124 ಬಂದದ್ದು 1968ರಲ್ಲಿ. ಅದರ ಕಪ್ಪು ಬಣ್ಣದ ಉತ್ತರಾಧಿಕಾರಿ 124ಜಿ 1970ರಿಂದ 1980ರ ದಶಕದ ನಡುಭಾಗದವರೆಗೂ ತಯಾರಾಯಿತು. ಇವುಗಳಲ್ಲಿರುವ 80 ಮಿ.ಮೀ. ಎಫ್ 3.5 ಯಾಶಿನಾನ್ ಲೆನ್ಸ್ ಟೆಸ್ಸಾರ್ ಎಂಬ ಹೆಸರಾಂತ ಜರ್ಮನ್ ಲೆನ್ಸಿನಂತೆ ನಾಲ್ಕು ಗಾಜುಗಳದು. ಪೂರ್ತಿ ತೆರೆದಾಗ ಮೂಲೆಗಳು ಸ್ವಲ್ಪ ಮೃದುವಾಗಿ ಬರುತ್ತವೆ, ಅಪರ್ಚರನ್ನು 8 ಅಥವಾ 11ಕ್ಕೆ ಮುಚ್ಚಿದರೆ ಅಂಚಿನವರೆಗೂ ಚೂಪಾಗಿರುತ್ತವೆ.

ಜನ 124ಜಿಯ ಹಿಂದೆ ಬೀಳುವುದರಿಂದ ಅದರ ಬೆಲೆ ಮೇಲೇರಿದೆ. ಅದೇ ಮನೆತನದ ಹಿಂದಿನ ಮಾದರಿಗಳು ಅನ್ಯಾಯವಾಗಿ ಮರೆಯಲ್ಲಿ ಉಳಿದಿವೆ ಎಂಬುದು ನನ್ನ ಅಭಿಪ್ರಾಯ. ಮೀಟರ್ ಇಲ್ಲದ ಮೊದಲ ಯಾಶಿಕಾ ಮ್ಯಾಟ್‌ನಲ್ಲಿಯೂ ಬಹುಮಟ್ಟಿಗೆ ಇದೇ ಲೆನ್ಸ್ ಇದೆ. ಹಿಡಿಕೆ ತಿರುಗಿಸಿದರೆ ಫಿಲ್ಮೂ ಸರಿಯುತ್ತದೆ, ಷಟರೂ ಸಜ್ಜಾಗುತ್ತದೆ. ಯಾಶಿಕಾ ಡಿಯಲ್ಲಿ ಹಿಡಿಕೆಯ ಬದಲು ಗುಂಡಿ ಇದೆ, ಷಟರನ್ನು ಬೇರೆಯಾಗಿ ಸಜ್ಜುಗೊಳಿಸಬೇಕು. ಒಳಗಿನ ಯಂತ್ರ ಸರಳವಾಗಿರುವುದರಿಂದ ಕೆಡುವ ಭಾಗಗಳೂ ಕಡಿಮೆ. ಡಿ ಮಾದರಿಯ ಹೆಚ್ಚಿನವುಗಳಲ್ಲಿ ಮೂರು ಗಾಜಿನ ಯಾಶಿಕೋರ್ ಲೆನ್ಸ್ ಇದೆ, ಕೊನೆಕೊನೆಯವುಗಳಲ್ಲಿ ಯಾಶಿನಾನ್ ಬಂದಿತು. ಲೆನ್ಸಿನ ಸುತ್ತಲಿನ ಬರಹವನ್ನು ಓದಿದರೆ ಇದು ತಿಳಿಯುತ್ತದೆ. ಯಾಶಿಕಾ ಎ ಇನ್ನೂ ಸರಳವಾದದ್ದು, ಹಿಂಭಾಗದ ಕೆಂಪು ಕಿಟಕಿಯಲ್ಲಿ ಸಂಖ್ಯೆ ನೋಡಿಕೊಂಡು ಫಿಲ್ಮ್ ಸುತ್ತಬೇಕು. ಕಲಿಯುವವರಿಗೆ ಡಿಯನ್ನು ಮೀರಿದ ಆಯ್ಕೆ ಇಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಮಿನೋಲ್ಟಾ ಆಟೋಕಾರ್ಡ್ ಸಿಕ್ಕರೆ ಎರಡು ಸಲ ನೋಡಿ. 1955ರಲ್ಲಿ ಆರಂಭವಾದ ಆ ಸಾಲಿನ 75 ಮಿ.ಮೀ. ರೋಕೋರ್ ಲೆನ್ಸ್ ಈ ಬೆಲೆಯ ಕ್ಯಾಮೆರಾಗಳಲ್ಲಿ ಬಹಳ ಮೇಲ್ದರ್ಜೆಯದು. ಫಿಲ್ಮ್ ಮೇಲಿನಿಂದ ಕೆಳಕ್ಕೆ ಹರಿಯುವುದರಿಂದ ಚಿತ್ರ ಮೂಡುವ ಜಾಗಕ್ಕೆ ಬರುವ ಮೊದಲು ಅದು ಮಡಚಿ ನಿಲ್ಲುವುದಿಲ್ಲ, ಸಪಾಟಾಗಿ ಕೂರುತ್ತದೆ. ಲೆನ್ಸಿನ ಕೆಳಗಿರುವ ಫೋಕಸ್ ಸನ್ನೆ ಮಾತ್ರ ಈ ಕ್ಯಾಮೆರಾದ ದುರ್ಬಲ ಜಾಗ. ಒಳಗಿನ ಗ್ರೀಸ್ ಗಟ್ಟಿಯಾಗಿರುವಾಗ ಬಲ ಹಾಕಿದರೆ ಅದು ಮುರಿಯುತ್ತದೆ, ಬಿಡಿಭಾಗ ಸಿಗುವುದು ಕಷ್ಟ. ಮಾಮಿಯಾ ಸಿ ಸಾಲಿನ ಕ್ಯಾಮೆರಾಗಳಲ್ಲಿ ಲೆನ್ಸ್ ಜೋಡಿಯನ್ನು ಬದಲಾಯಿಸಬಹುದು, ಲೆನ್ಸನ್ನು ಮುಂದಕ್ಕೆ ಹಿಗ್ಗಿಸುವ ಮಡಿಕೆಯ ಬೆಲ್ಲೋಸ್ ಇರುವುದರಿಂದ ಬಹಳ ಹತ್ತಿರಕ್ಕೂ ಫೋಕಸ್ ಮಾಡಬಹುದು. ಆದರೆ ಸಿ330 ಲೆನ್ಸ್ ಸಹಿತ ಒಂದೂವರೆ ಕಿಲೋ ಮೀರುತ್ತದೆ, ಲೋಕಲ್ ರೈಲಿನಲ್ಲಿ ಹೊತ್ತು ತಿರುಗುವ ವಸ್ತುವಲ್ಲ. ಚೀನಾದ ಸೀಗಲ್ 4ಎ, 4ಬಿ ಅಗ್ಗವಾಗಿ ಸಿಗುತ್ತವೆ, ಆದರೆ ಒಂದರ ಗುಣ ಇನ್ನೊಂದಕ್ಕಿಲ್ಲ, ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬಾರದು.

ಲುಬಿಟೆಲ್ 2ನ್ನು ನಾನು ತಳ್ಳಿಹಾಕುವುದಿಲ್ಲ. ಬೇಕಲೈಟಿನ ಮೈ, ಮೂರು ಗಾಜಿನ 75 ಮಿ.ಮೀ. ಎಫ್ 4.5 ಲೆನ್ಸ್, 1/15ರಿಂದ 1/250ರವರೆಗಿನ ಷಟರ್, ಇವಿಷ್ಟೇ ಅದರ ಆಸ್ತಿ. 11ಕ್ಕೆ ಮುಚ್ಚಿ ಬಿಸಿಲಿನಲ್ಲಿ ತೆಗೆದರೆ ಅದರ ಚಿತ್ರ ನಿಮ್ಮನ್ನು ಅಚ್ಚರಿಗೊಳಿಸುತ್ತದೆ. ತೊಂದರೆ ಇರುವುದು ನೋಡುವ ಭಾಗದಲ್ಲಿ. ಅಲ್ಲಿ ಪೂರ್ತಿ ಮಂಜುಗಾಜು ಇಲ್ಲ, ಹೊಳೆಯುವ ಗಾಜಿನ ನಡುವೆ ಮಂಜುಗಾಜಿನ ಸಣ್ಣ ಚುಕ್ಕೆ ಮಾತ್ರ ಇದೆ. ಫೋಕಸ್ ತೀರ್ಮಾನಿಸಲು ಸಿಗುವುದು ಆ ಚುಕ್ಕೆಯೊಂದೇ. ದೊಡ್ಡ ಮಂಜುಗಾಜಿನ ಮೇಲೆ ಚೌಕದ ಚಿತ್ರವನ್ನು ಕಟ್ಟುವ ಸುಖಕ್ಕಾಗಿಯೇ ನೀವು ಈ ದಾರಿ ಹಿಡಿದಿರುವುದಾದರೆ ಲುಬಿಟೆಲ್ ನಿಮಗೆ ಬೇಗ ಸಾಲದೆ ಹೋಗಬಹುದು.

ಒಂದು ಎಚ್ಚರಿಕೆ. ಕೋಡಾಕ್ ಡ್ಯುವಾಫ್ಲೆಕ್ಸಿನಂತಹ ಕೆಲವು ಕ್ಯಾಮೆರಾಗಳಿಗೆ ಎರಡು ಲೆನ್ಸ್ ಇದ್ದರೂ ಮೇಲಿನದು ಬರೀ ನೋಟಕ್ಕೆ, ಫೋಕಸಿಗೂ ಅದಕ್ಕೂ ಸಂಬಂಧವಿಲ್ಲ. ಅದು ಬಳಸುವ 620 ರೋಲ್ ಈಗ ಸುಲಭವಾಗಿ ಸಿಗುವುದಿಲ್ಲ. ಫಿಲ್ಮಿನ ಅಗಲ 120ರದ್ದೇ ಆದರೂ ಸ್ಪೂಲ್ ತೆಳುವಾಗಿರುವುದರಿಂದ ಕತ್ತಲೆಯಲ್ಲಿ ಕೂತು ಬೇರೆ ಸ್ಪೂಲಿಗೆ ಸುತ್ತಿಕೊಳ್ಳಬೇಕು. ಯಾಶಿಕಾ 44 ಮತ್ತು ಪುಟ್ಟ ರೋಲಿಫ್ಲೆಕ್ಸ್ ಇನ್ನೂ ಕಿರಿದಾದ 127 ಫಿಲ್ಮಿನವು, ನೋಡಲು ಬಹಳ ಚೆಂದ, ಆದರೆ ಫಿಲ್ಮಿಗಾಗಿ ಪರದಾಡಬೇಕು. ಮೊದಲ ಕ್ಯಾಮೆರಾ 120ರದ್ದೇ ಆಗಿರಲಿ.

ನಿಮ್ಮ ₹20,000ರಲ್ಲಿ ಮೂರನೆಯ ಒಂದು ಭಾಗವನ್ನು ಸರ್ವಿಸಿಗೂ ಮೊದಲ ಕೆಲವು ರೋಲುಗಳಿಗೂ ಎತ್ತಿಡಿ. ಪುಣೆಯ ಕಡೆ ಬಂದರೆ ಬುಧವಾರ ಮತ್ತು ಭಾನುವಾರ ಸೇರುವ ಜುನಾ ಬಜಾರನ್ನೂ ಒಮ್ಮೆ ನೋಡಿ. ಜಪಾನಿನಿಂದ ನೇರವಾಗಿ ತರಿಸುವುದಾದರೆ ಅಂಚೆಯ ವೆಚ್ಚ ಮತ್ತು ಸುಂಕವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ, ಅಗ್ಗವೆಂದು ಕಂಡ ಬೆಲೆ ಮನೆ ಮುಟ್ಟುವ ಹೊತ್ತಿಗೆ ಬೇರೆಯೇ ಆಗಿರುತ್ತದೆ.

ಮಾಟುಂಗಾದ ಹಳೆಯ ಸ್ಟುಡಿಯೋದವರು:

ಪುಣೆಯವರು ಮಾದರಿಗಳ ವಿಚಾರವನ್ನು ಚೆನ್ನಾಗಿ ಬಿಡಿಸಿ ಬರೆದಿದ್ದಾರೆ. ನಾನು ದಾದರಿನ ಸ್ಟುಡಿಯೋ ಒಂದರಲ್ಲಿ ಈ ಬಗೆಯ ಕ್ಯಾಮೆರಾಗಳೊಂದಿಗೆ ಬಹುಕಾಲ ದುಡಿದವನು. ಪಾಸ್‌ಪೋರ್ಟ್ ಫೋಟೋದಿಂದ ಹಿಡಿದು ಮದುವೆಯ ಆಲ್ಬಂ ವರೆಗೆ ಎಲ್ಲವೂ ಚೌಕದ ನೆಗೆಟಿವಿನಲ್ಲಿಯೇ ನಡೆಯುತ್ತಿದ್ದ ದಿನಗಳವು. ಇದೇ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎನಿಸಿಕೊಂಡ ಹೋಮಾಯಿ ವ್ಯಾರಾವಾಲಾ ಅವರ ಕೈಯಲ್ಲಿದ್ದದ್ದೂ ರೋಲಿಫ್ಲೆಕ್ಸ್. ಇಂತಹ ಕ್ಯಾಮೆರಾ ಇಂದಿನ ಹುಡುಗರ ಕೈಗೆ ಬರುತ್ತಿದೆ ಎನ್ನುವುದೇ ನನಗೆ ದೊಡ್ಡ ಸಂತೋಷ. ಅಂಗಡಿಯ ಮುಂದೆ ಪರೀಕ್ಷಿಸುವ ಬಗೆಯನ್ನು ಮಾತ್ರ ನಾನು ಬರೆಯುತ್ತೇನೆ.

ಮಟನ್ ಸ್ಟ್ರೀಟಿನ ಅಂಗಡಿಗಳಿಗೆ ಶುಕ್ರವಾರ ರಜೆ, ಆ ದಿನ ಬೀದಿಯಲ್ಲಿಯೇ ಬೆಳಗಿನ ಜಾವದಿಂದ ಸಂತೆ ನಡೆಯುತ್ತದೆ. ಬೀದಿಯ ಸಂತೆಯಲ್ಲಿ ಬೆಲೆ ಕಡಿಮೆ, ಆದರೆ ಮಾರಿದವರನ್ನು ಮತ್ತೆ ಹುಡುಕುವುದು ಕಷ್ಟ. ಮೊದಲ ಕ್ಯಾಮೆರಾವನ್ನು ಅಂಗಡಿಯಿಂದಲೇ ಕೊಳ್ಳಿ. ಹೋಗುವಾಗ ಸಣ್ಣ ಟಾರ್ಚ್, ಟ್ರೇಸಿಂಗ್ ಪೇಪರಿನ ತುಂಡು, ಸೆಲ್ಲೋಟೇಪ್, ಭೂತಗನ್ನಡಿ ಮತ್ತು ಖಾಲಿ 120 ಸ್ಪೂಲ್ ಇಟ್ಟುಕೊಂಡಿರಿ. ಸ್ಪೂಲ್ ಏಕೆಂದರೆ ಹಳೆಯ ಕ್ಯಾಮೆರಾಗಳೊಳಗೆ ಅದು ಬಹಳ ಸಲ ಇರುವುದಿಲ್ಲ, ಅದಿಲ್ಲದೆ ಫಿಲ್ಮ್ ಸುತ್ತುವುದಿಲ್ಲ.

ಮೊದಲು ಕ್ಯಾಮೆರಾದ ಮುಂಭಾಗವನ್ನು ಪಕ್ಕದಿಂದ ನೋಡಿ. ಫೋಕಸ್ ಗುಂಡಿಯನ್ನು ತಿರುಗಿಸಿ ಲೆನ್ಸಿನ ಫಲಕವನ್ನು ಪೂರ್ತಿ ಮುಂದಕ್ಕೆ ತಂದಾಗ, ಫಲಕಕ್ಕೂ ಮೈಗೂ ನಡುವಿನ ಸಂದು ನಾಲ್ಕು ಕಡೆಯೂ ಒಂದೇ ಸಮ ಇರಬೇಕು. ಒಂದು ಮೂಲೆ ಹೆಚ್ಚು ತೆರೆದಿದ್ದರೆ ಆ ಕ್ಯಾಮೆರಾ ಎಂದೋ ಬಿದ್ದಿದೆ, ಅದನ್ನು ನೇರ ಮಾಡುವುದು ಸುಲಭದ ಕೆಲಸವಲ್ಲ, ಅಲ್ಲಿಗೇ ಕೈಬಿಡಿ. ಗುಂಡಿ ಬಿಗಿಯಾಗಿ ತಿರುಗಿದರೆ ಹೆದರಬೇಡಿ, ಗ್ರೀಸ್ ಒಣಗಿದೆ ಅಷ್ಟೆ.

ಆಮೇಲೆ ಹಿಂಬಾಗಿಲು ತೆಗೆದು, ಅಪರ್ಚರ್ ಪೂರ್ತಿ ತೆರೆದು, ಷಟರನ್ನು ಬಿ ಗುರುತಿಗಿಟ್ಟು (ಒತ್ತಿದಷ್ಟು ಹೊತ್ತೂ ಅದು ತೆರೆದೇ ಇರುತ್ತದೆ) ಒತ್ತಿ ಹಿಡಿದುಕೊಳ್ಳಿ. ಒಂದು ಕಡೆಯಿಂದ ಟಾರ್ಚ್ ಹಾಯಿಸಿ ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿದರೆ ಲೆನ್ಸಿನೊಳಗಿನ ಸ್ಥಿತಿ ತಿಳಿಯುತ್ತದೆ. ಧೂಳಿನ ಕಣಗಳು ಇದ್ದೇ ಇರುತ್ತವೆ, ಅವುಗಳಿಂದ ಚಿತ್ರಕ್ಕೆ ಏನೂ ಆಗದು. ಎಳೆಎಳೆಯಾಗಿ ಕವಲೊಡೆದಿದ್ದರೆ ಅದು ಬೂಷ್ಟು, ಇಡೀ ಗಾಜಿನ ಮೇಲೆ ಸಮನಾಗಿ ಹರಡಿದ್ದರೆ ಅದು ಎಣ್ಣೆಯ ಆವಿ ಕೂತ ಮಸುಕು. ಮಸುಕನ್ನು ಬಹಳ ಸಲ ಒರೆಸಿ ತೆಗೆಯಬಹುದು. ಬೂಷ್ಟನ್ನೂ ಒರೆಸಬಹುದು, ಆದರೆ ಅದು ಲೆನ್ಸಿನ ಕೋಟಿಂಗನ್ನು ತಿಂದಿದ್ದರೆ ಕಲೆ ಉಳಿಯುತ್ತದೆ. ಗಾಜಿನ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣಗಳು ಕಂಡರೆ ಅಂಟಿಸಿದ ಎರಡು ಗಾಜುಗಳು ಬಿಡುತ್ತಿವೆ ಎಂದರ್ಥ, ಅದಕ್ಕೆ ಅಗ್ಗದ ಪರಿಹಾರವಿಲ್ಲ. ನಿಮ್ಮ ರೋಲಿಕಾರ್ಡಿನ ಮಸುಕು ಯಾವ ಬಗೆಯದೆಂದು ಹೀಗೆ ಪರೀಕ್ಷಿಸಿ ನೋಡಿ. ಅದು ಬರೀ ಆವಿಯ ಮಸುಕಾಗಿದ್ದರೆ ನಾನು ಪುಣೆಯವರ ಮಾತಿಗೆ ವಿರುದ್ಧವಾಗಿ ರೋಲಿಕಾರ್ಡನ್ನೇ ಆರಿಸುತ್ತೇನೆ. ಯುದ್ಧಾನಂತರದ ರೋಲಿಕಾರ್ಡುಗಳಲ್ಲಿ, ವಿಶೇಷವಾಗಿ 4 ಮತ್ತು 5ನೆಯ ಮಾದರಿಗಳಲ್ಲಿ, ಇರುವ ಷ್ನೈಡರ್ ಕ್ಸೆನಾರ್ ಲೆನ್ಸೂ ಕಾಂಪರ್ ಷಟರೂ ಸರಿಯಾಗಿ ನೋಡಿಕೊಂಡರೆ ಇನ್ನೊಂದು ತಲೆಮಾರಿಗೂ ಬರುತ್ತವೆ. ಮೈ ಹಗುರ, ಹಿಂಬಾಗಿಲು ನಿಖರವಾಗಿ ಕೂರುತ್ತದೆ. ಯಾಶಿಕಾದ ಹಿಡಿಕೆಯ ವೇಗ ಇದರಲ್ಲಿಲ್ಲ, ಆದರೆ 12 ಚಿತ್ರಗಳ ರೋಲಿನಲ್ಲಿ ವೇಗದ ಅಗತ್ಯವೇನು?

ಷಟರಿನ ಪರೀಕ್ಷೆ ಕಿವಿಯಿಂದ. 1 ಸೆಕೆಂಡಿಗೆ ಇಟ್ಟು ಒತ್ತಿದಾಗ ಒಳಗಿನ ಗಡಿಯಾರದಂತಹ ಯಂತ್ರ ಒಂದೇ ಲಯದಲ್ಲಿ ಓಡಿ ನಿಲ್ಲಬೇಕು. ನಡುವೆ ಎಡವಿದರೆ ಅಥವಾ ತೆರೆದೇ ನಿಂತರೆ ಸರ್ವಿಸ್ ಬೇಕು. 1/2, 1/4, 1/8 ಹೀಗೆ ಏರುತ್ತಾ ಹೋದಂತೆ ಸದ್ದು ಕ್ರಮವಾಗಿ ಕಿರಿದಾಗಬೇಕು. ನಿಧಾನದ ವೇಗಗಳು ಎಳೆದರೂ 1/30ರಿಂದ ಮೇಲಿನವು ಸರಿಯಿರುವ ಕ್ಯಾಮೆರಾಗಳು ಬಹಳ ಇವೆ, ಹಗಲಿನಲ್ಲಿ ಕೆಲಸ ಮಾಡುವವರಿಗೆ ಅವು ಸಾಕು, ಬೆಲೆ ಇಳಿಸಲು ಕಾರಣವೂ ಆಗುತ್ತದೆ. ಷಟರಿನ ಎಲೆಗಳ ಮೇಲೆ ಎಣ್ಣೆಯ ಹೊಳಪು ಇದ್ದರೆ ಅವು ಅಂಟಿಕೊಳ್ಳುತ್ತವೆ. ಹಳೆಯ ಕ್ಯಾಮೆರಾದ ಸೆಲ್ಫ್ ಟೈಮರನ್ನು ಮಾತ್ರ ಪರೀಕ್ಷೆಗೆಂದು ಎಳೆಯಬೇಡಿ, ಅದು ನಡುವೆ ಸಿಕ್ಕಿಕೊಂಡರೆ ಇಡೀ ಷಟರೇ ನಿಂತುಹೋಗುತ್ತದೆ. ಕಾಂಪರ್ ಷಟರಿನಲ್ಲಿ 1/500 ಬೇಕೆಂದರೆ ಸಜ್ಜುಗೊಳಿಸುವ ಮೊದಲೇ ತಿರುಗಿಸಿಕೊಳ್ಳಬೇಕು, ಸಜ್ಜಾದ ಮೇಲೆ ಬಲವಂತ ಮಾಡಬಾರದು.

ಬಹಳ ಜನ ಬಿಟ್ಟುಬಿಡುವ ಪರೀಕ್ಷೆ ಇನ್ನೊಂದಿದೆ. ಮೇಲಿನ ಲೆನ್ಸ್ ತೋರಿಸುವ ಫೋಕಸೂ ಕೆಳಗಿನ ಲೆನ್ಸ್ ಮೂಡಿಸುವ ಫೋಕಸೂ ಒಂದೇ ಆಗಿರಬೇಕು. ಯಾರೋ ಹಿಂದೆ ಬಿಚ್ಚಿ ಜೋಡಿಸಿದ್ದರೆ ಇವು ಬೇರೆಯಾಗಿರುತ್ತವೆ, ಮೇಲೆ ನೋಡಿದಾಗ ಚೂಪು, ಫಿಲ್ಮಿನಲ್ಲಿ ಮಬ್ಬು. ಫಿಲ್ಮ್ ಕೂರುವ ಒಳಗಿನ ಹಳಿಗಳ ಮೇಲೆ ಟ್ರೇಸಿಂಗ್ ಪೇಪರನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಅಂಟಿಸಿ, ಅಪರ್ಚರ್ ಪೂರ್ತಿ ತೆರೆದು, ಬಿ ಹಿಡಿದು, ದೂರದ ಕಟ್ಟಡದ ಅಂಚನ್ನೋ ಮಸೀದಿಯ ಮಿನಾರನ್ನೋ ಮೇಲಿನ ಮಂಜುಗಾಜಿನಲ್ಲಿ ಚೂಪು ಮಾಡಿ. ಆಗ ಟ್ರೇಸಿಂಗ್ ಪೇಪರಿನ ಮೇಲೂ ಅದು ಚೂಪಾಗಿರಬೇಕು. ಅದನ್ನೇ ನಾಲ್ಕೈದು ಅಡಿ ದೂರದ ಫಲಕದ ಅಕ್ಷರಗಳ ಮೇಲೂ ಮಾಡಿ ನೋಡಿ. ಅಂಗಡಿಯವರು ಬೇಸರಪಟ್ಟುಕೊಂಡರೆ ಸೌಜನ್ಯದಿಂದ ವಿವರಿಸಿ. ಇಷ್ಟು ಪರೀಕ್ಷೆಗೂ ಒಪ್ಪದವರ ಬಳಿ ಕೊಳ್ಳಬೇಕಾದ ಅಗತ್ಯವಿಲ್ಲ.

ಒಳಗಿನ ಕನ್ನಡಿಯನ್ನು ಬಟ್ಟೆಯಿಂದ ಒರೆಸಬೇಡಿ. ಅದರ ಬೆಳ್ಳಿಯ ಲೇಪ ಮೇಲ್ಮೈಯಲ್ಲಿಯೇ ಇರುವುದರಿಂದ ಗೀರು ಬೀಳುತ್ತದೆ. ನೋಟ ಮಂಕಾಗಿದ್ದರೆ ರಿಪೇರಿಯವರು ಹುಡ್ ಬಿಚ್ಚಿ ಕನ್ನಡಿ ಬದಲಾಯಿಸಿ ಕೊಡುತ್ತಾರೆ. ಯಾಶಿಕಾ ಮ್ಯಾಟ್‌ಗಳಲ್ಲಿ ನಾಲ್ಕು ಸ್ಕ್ರೂ ತೆಗೆದರೆ ಹುಡ್ ಕೈಗೆ ಬರುತ್ತದೆ. ಕ್ಯಾಮೆರಾ ರಿಪೇರಿಗೆ ಮುಂಬೈಯ ಫೋರ್ಟ್ ಪ್ರದೇಶದ ಬೋರಾ ಬಜಾರ್ ಕಡೆ ವಿಚಾರಿಸಿ.

ವಾಸ್ಕೋ ನಿವಾಸಿ:

ಸಂಗ್ರಹದ ಬಗ್ಗೆ ನೀವು ಕೇಳಿದ ಕೊನೆಯ ಪ್ರಶ್ನೆಗೆ ಗೋವಾದಿಂದ ಉತ್ತರಿಸುತ್ತಿದ್ದೇನೆ, ಏಕೆಂದರೆ ಕರಾವಳಿಯ ತೇವ ನಮ್ಮಿಬ್ಬರಿಗೂ ಸಮಾನ. ಹಿರಿಯರು ಹೇಳಿದ ಬೂಷ್ಟು ಲೆನ್ಸಿನೊಳಗೆ ಹುಟ್ಟುವುದಕ್ಕೆ ಬೇಕಾಗುವುದು ತೇವ, ಕತ್ತಲೆ ಮತ್ತು ನಿಂತ ಗಾಳಿ. ಬೀರುವಿನ ಮೂಲೆಯಲ್ಲಿ ಚರ್ಮದ ಕೇಸಿನೊಳಗಿಟ್ಟ ಕ್ಯಾಮೆರಾಕ್ಕೆ ಈ ಮೂರೂ ಧಾರಾಳವಾಗಿ ಸಿಗುತ್ತವೆ. ಚರ್ಮ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಕೇಸನ್ನು ಬೇರೆ ಇಡಿ, ಕ್ಯಾಮೆರಾವನ್ನು ಬೇರೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳೊಳಗಿನ ತೇವಾಂಶ ಬೂಷ್ಟಿಗೆ ಸಾಕಾಗುವಷ್ಟು ಇದ್ದೇ ಇರುತ್ತದೆ.

ಪರಿಹಾರಕ್ಕೆ ಹೆಚ್ಚು ಹಣ ಬೇಕಿಲ್ಲ. ರಬ್ಬರಿನ ಅಂಚಿರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್. ತೇವಾಂಶ ಶೇ 40ರಿಂದ 50ರೊಳಗೆ ಇದ್ದರೆ ಸಾಕು. ಶೇ 30ಕ್ಕಿಂತ ಕೆಳಗೆ ಇಳಿಸುವುದೂ ಒಳ್ಳೆಯದಲ್ಲ, ಮೈಗೆ ಅಂಟಿಸಿದ ಚರ್ಮದ ಹೊದಿಕೆ ಒಣಗಿ ಏಳುತ್ತದೆ. ಬಣ್ಣ ಬದಲಾಗುವ ಸಿಲಿಕಾ ಜೆಲ್ ಕೊಂಡರೆ ಅದು ತೇವ ತುಂಬಿಕೊಂಡದ್ದು ಕಣ್ಣಿಗೆ ಕಾಣುತ್ತದೆ. ಒಲೆಯ ಮೇಲೆ ಬಾಣಲೆಯಲ್ಲಿ ಹದವಾದ ಉರಿಯಲ್ಲಿ ಬಿಸಿ ಮಾಡಿ, ಹಳೆಯ ಬಣ್ಣ ಮರಳಿದ ಮೇಲೆ ಆರಿಸಿ, ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಎಲೆಕ್ಟ್ರಿಕ್ ಡ್ರೈ ಕ್ಯಾಬಿನೆಟ್ ಅನುಕೂಲವೇ ಹೌದು, ಆದರೆ ಮೂರು ನಾಲ್ಕು ಕ್ಯಾಮೆರಾ ಸೇರುವವರೆಗೂ ಅದು ಅನಗತ್ಯ. ಹೊಸದಾಗಿ ಕೊಂಡ ಹಳೆಯ ಕ್ಯಾಮೆರಾವನ್ನು ಉಳಿದವುಗಳ ಜೊತೆಗೆ ತಕ್ಷಣ ಇಡಬೇಡಿ, ಲೆನ್ಸ್ ಶುಚಿ ಮಾಡಿಸಿದ ಮೇಲೆ ಸೇರಿಸಿ.

ಸಂಗ್ರಹವೆಂದರೆ ಸಂಖ್ಯೆಯೆಂದು ನಾನು ತಿಳಿದಿಲ್ಲ. ಈ ಯಂತ್ರಗಳು ಓಡುತ್ತಿದ್ದರೆ ಮಾತ್ರ ಆರೋಗ್ಯವಾಗಿರುತ್ತವೆ. ಕೆಲವು ವಾರಗಳಿಗೊಮ್ಮೆಯಾದರೂ ಪ್ರತಿಯೊಂದರ ಷಟರನ್ನು ಎಲ್ಲ ವೇಗಗಳಲ್ಲಿಯೂ ಓಡಿಸಬೇಕು, ಫೋಕಸ್ ಗುಂಡಿ ತಿರುಗಿಸಬೇಕು, ಬಿಸಿಲಿರುವ ದಿನ ಹುಡ್ ತೆರೆದು ಗಾಳಿಗೆ ಇಡಬೇಕು. ಸಜ್ಜಾದ ಷಟರನ್ನು ಹಾಗೆಯೇ ಬಿಟ್ಟು ಡಬ್ಬಿಯಲ್ಲಿಡಬಾರದು, ಸ್ಪ್ರಿಂಗ್ ಎಳೆದೇ ಇರುತ್ತದೆ. ಇಷ್ಟು ಉಪಚಾರ ಎಷ್ಟು ಕ್ಯಾಮೆರಾಗಳಿಗೆ ಮಾಡಲು ನಿಮಗೆ ಬಿಡುವಿದೆಯೋ ಅಷ್ಟನ್ನೇ ಕೊಳ್ಳಿ. ಒಂದು ನಾಲ್ಕು ಗಾಜಿನ ಲೆನ್ಸಿನದು, ಒಂದು ಮೂರು ಗಾಜಿನದು, ಹೀಗೆ ಗುಣ ಬೇರೆಯಾದ ಎರಡನ್ನು ಇಟ್ಟುಕೊಂಡರೆ ಒಂದೇ ದೃಶ್ಯ ಎರಡು ಬಗೆಯಲ್ಲಿ ಮೂಡುವುದನ್ನು ನೋಡಬಹುದು. ಮೂರು ಗಾಜಿನದನ್ನು ಪೂರ್ತಿ ತೆರೆದು ಮುಖವೊಂದನ್ನು ತೆಗೆದಾಗ ಅಂಚುಗಳು ಕರಗುವ ರೀತಿ ನನಗೆ ಬಹಳ ಪ್ರಿಯವಾದದ್ದು, ಅದಕ್ಕಾಗಿ ನಾನು ಯಾಶಿಕಾ ಎಯನ್ನು ಯಾರಿಗೂ ಕೊಡಲಾರೆ.

ಬಣ್ಣದ ರೋಲನ್ನು ಲ್ಯಾಬಿಗೆ ಕೊಡಬೇಕಾದರೂ ಕಪ್ಪುಬಿಳುಪನ್ನು ಮನೆಯಲ್ಲಿಯೇ ಡೆವಲಪ್ ಮಾಡುವುದನ್ನು ಕಲಿಯಿರಿ. ಟ್ಯಾಂಕಿನ ಒಳಗಿನ ರೀಲನ್ನು 120ರ ಅಗಲಕ್ಕೆ ಹಿಗ್ಗಿಸಬಹುದು. ನಮ್ಮಲ್ಲಿ ನಲ್ಲಿಯ ನೀರು ಬೆಚ್ಚಗಿರುವುದರಿಂದ ಡೆವಲಪರನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು 20 ಡಿಗ್ರಿಗೆ ಇಳಿಸಿಕೊಳ್ಳಬೇಕಾಗುತ್ತದೆ.

ಡೊಂಬಿವಲಿ ಕನ್ನಡಿಗ:

ಮೂವರಿಗೂ ಮನಃಪೂರ್ವಕ ವಂದನೆಗಳು. ಟಾರ್ಚ್, ಟ್ರೇಸಿಂಗ್ ಪೇಪರ್ ತೆಗೆದುಕೊಂಡು ಮತ್ತೆ ಹೋಗಿ ಬಂದೆ. ರೋಲಿಕಾರ್ಡಿನ ಕೆಳಗಿನ ಲೆನ್ಸಿನಲ್ಲಿ ಮಸುಕಿನ ಜೊತೆಗೆ ಅಂಚಿನಲ್ಲಿ ಬಣ್ಣಗಳೂ ಕಂಡವು, ಆದ್ದರಿಂದ ಅದನ್ನು ಬಿಟ್ಟೆ. 124ಜಿಯ ಕೆಳಗಿನ ಲೆನ್ಸ್ ಶುಭ್ರವಾಗಿದೆ, ಟ್ರೇಸಿಂಗ್ ಪೇಪರಿನ ಪರೀಕ್ಷೆಯಲ್ಲಿ ಹತ್ತಿರ ಮತ್ತು ದೂರ ಎರಡೂ ಹೊಂದಿದವು. ಮೇಲಿನ ಲೆನ್ಸಿನ ಅಂಚಿನಲ್ಲಿ ಮಾತ್ರ ಬೂಷ್ಟಿನ ಸಣ್ಣ ಎಳೆ ಇದೆ, 1 ಸೆಕೆಂಡಿನ ವೇಗ ಸ್ವಲ್ಪ ಎಳೆಯುತ್ತದೆ, ಹಿಂಬಾಗಿಲಿನ ಫೋಮ್ ಪಟ್ಟಿ ಅಂಟಾಗಿದೆ. ಅಂಗಡಿಯವರು ಬೆಲೆ ಇಳಿಸಿದ್ದಾರೆ, ಸರ್ವಿಸಿಗೆ ಹಣ ಉಳಿಯುತ್ತದೆ. ಕೊಳ್ಳಬಹುದೇ? ಹಿಂಬಾಗಿಲಿನ ಒಳಗಿನ ತಟ್ಟೆಯಲ್ಲಿ 12 ಮತ್ತು 24 ಎಂಬ ಎರಡು ಸ್ಥಾನಗಳಿವೆ, ಅದು ಏಕೆ ಎಂದೂ ತಿಳಿಸಬೇಕು.

ಮಾಟುಂಗಾದ ಹಳೆಯ ಸ್ಟುಡಿಯೋದವರು:

ಸಂಕೋಚವಿಲ್ಲದೆ ಕೊಳ್ಳಿ. ಮೇಲಿನ ಲೆನ್ಸಿನ ಬೂಷ್ಟು ಫಿಲ್ಮಿಗೆ ಮುಟ್ಟುವುದಿಲ್ಲ, ಆದರೂ ಸರ್ವಿಸಿಗೆ ಕೊಡುವಾಗ ಅದನ್ನೂ ತೆಗೆಸಿ, ಇಲ್ಲವಾದರೆ ಕೆಳಗಿನದಕ್ಕೂ ಹಬ್ಬಬಹುದು. ಫೋಮ್ ಪಟ್ಟಿಯನ್ನು ಹಾಗೆಯೇ ಬಿಟ್ಟರೆ ಬೆಳಕು ಸೋರುತ್ತದೆ, ಅದನ್ನು ಬದಲಾಯಿಸುವುದು ಸಣ್ಣ ಕೆಲಸ. ತಟ್ಟೆಯ 24ರ ಸ್ಥಾನ 220 ರೋಲಿಗೆ. ಅದರ ಹಿಂದೆ ಕಾಗದ ಇಲ್ಲದ್ದರಿಂದ ತೆಳುವಾಗಿದ್ದು 24 ಚಿತ್ರ ಬರುತ್ತಿತ್ತು. ನೀವು 120 ಹಾಕುವವರಾದ್ದರಿಂದ ತಟ್ಟೆಯನ್ನು 12ರ ಸ್ಥಾನಕ್ಕೆ ಸರಿಸಿ, ಪ್ರತಿ ಸಲ ಫಿಲ್ಮ್ ಹಾಕುವಾಗಲೂ ಅದನ್ನೊಮ್ಮೆ ನೋಡಿಕೊಳ್ಳಿ.

ಮೊದಲ ರೋಲ್ ಕಪ್ಪುಬಿಳುಪಿನದಾಗಿರಲಿ. ಕೆಲವನ್ನು ಎಫ್ 3.5ರಲ್ಲಿ ಸುಮಾರು 1 ಮೀಟರ್ ದೂರದಿಂದ, ಕೆಲವನ್ನು ಎಫ್ 11ರಲ್ಲಿ ದೂರದ ನೋಟಕ್ಕೆ, ಪ್ರತಿ ಚಿತ್ರದ ವೇಗವನ್ನೂ ಅಪರ್ಚರನ್ನೂ ಬರೆದಿಟ್ಟುಕೊಂಡು ತೆಗೆಯಿರಿ. ಹತ್ತಿರದ ಚಿತ್ರಗಳಲ್ಲಿ ಮೇಲಿನ ಲೆನ್ಸ್ ಕಂಡದ್ದನ್ನು ಕೆಳಗಿನದು ಪೂರ್ತಿ ಕಾಣುವುದಿಲ್ಲ, ಆದ್ದರಿಂದ ತಲೆಯ ಮೇಲೆ ಸ್ವಲ್ಪ ಹೆಚ್ಚು ಜಾಗ ಬಿಡಿ. ಡೆವಲಪ್ ಆದ ಮೇಲೆ ನೆಗೆಟಿವನ್ನು ಕತ್ತರಿಸದೆ ಫ್ರೇಮುಗಳ ನಡುವಿನ ಅಂತರವನ್ನು ಮೊದಲು ನೋಡಿ. ಅದು ಸಮವಾಗಿಲ್ಲದಿದ್ದರೆ ಅಥವಾ ಒಂದರ ಮೇಲೊಂದು ಫ್ರೇಮ್ ಬಿದ್ದಿದ್ದರೆ ಆ ನೆಗೆಟಿವನ್ನೂ ನೀವು ಬರೆದಿಟ್ಟ ಟಿಪ್ಪಣಿಯನ್ನೂ ರಿಪೇರಿಯವರ ಮುಂದೆ ಇಡಿ, ಎಲ್ಲಿ ಕೈ ಹಾಕಬೇಕೆಂಬುದು ಅವರಿಗೆ ಅದರಿಂದಲೇ ತಿಳಿಯುತ್ತದೆ.